ಮೊದಲು ನೀರು, ಆಮೇಲೆ ಹೆಜ್ಜೆ: ಸ್ಲೀವ್ ಆಪರೇಷನ್ ನಂತರದ ಒಂದು ಪ್ರಕರಣ

ತೂಕ ಇಳಿಸುವ ಆಪರೇಷನ್ ಆದವರಿಗೆ ಡಿಸ್ಚಾರ್ಜ್ ದಿನ ಒಂದು ಹಾಳೆ ಕೊಟ್ಟು ಕಳಿಸುವುದು ವಾಡಿಕೆ. ಮೊದಲ ವಾರ ಇಷ್ಟು ನಿಮಿಷ ನಡಿಗೆ, ಎರಡನೇ ವಾರ ಇಷ್ಟು, ಆರು ವಾರ ಕಳೆದರೆ ಜಿಮ್. ಹಾಳೆಯಲ್ಲಿರುವುದು ಸರಿಯಾಗಿಯೇ ಇರುತ್ತದೆ. ಆದರೂ ಅದನ್ನು ಚಾಚೂ ತಪ್ಪದೆ ಪಾಲಿಸಿದವರಲ್ಲೇ ಕೆಲವರು ಮೂರನೇ ವಾರಕ್ಕೆ ತಲೆಸುತ್ತಿ ಕುಸಿದು ಕೂರುತ್ತಾರೆ. ಹೀಗೇಕಾಗುತ್ತದೆ ಅನ್ನುವುದನ್ನು ಒಬ್ಬರ ಆರು ತಿಂಗಳ ಅನುಭವವನ್ನಿಟ್ಟುಕೊಂಡು ಬಿಡಿಸಿ ಹೇಳಲು ಇದನ್ನು ಬರೆಯುತ್ತಿದ್ದೇನೆ. ನಾನು ಫಿಸಿಯೋಥೆರಪಿಸ್ಟ್. ಇವರನ್ನು ಆಪರೇಷನ್‌ಗೆ ಮೊದಲಿನಿಂದಲೂ ನೋಡಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಎರಡು ತಿಂಗಳು ಎಷ್ಟು ನಡೆಯಬೇಕು ಅನ್ನುವುದನ್ನು ಆ ದಿನ ಎಷ್ಟು ನೀರು, ಎಷ್ಟು ಪ್ರೋಟೀನ್ ಒಳಗೆ ಹೋಯಿತು ಅನ್ನುವ ಲೆಕ್ಕವೇ ತೀರ್ಮಾನಿಸಬೇಕು. ಕಾಲಿನ ಶಕ್ತಿ, ಮನಸ್ಸಿನ ಉತ್ಸಾಹ ಎರಡೂ ಆಮೇಲಿನ ಮಾತು.

ಆಪರೇಷನ್‌ಗೆ ಮೊದಲು

ಇವರಿಗೆ 44 ವರ್ಷ. ಶಾಲೆಯಲ್ಲಿ ಪಾಠ ಮಾಡುತ್ತಾರೆ. ಎತ್ತರ 160 ಸೆಂ.ಮೀ., ತೂಕ 116 ಕೆ.ಜಿ., ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 45. ಹಲವು ವರ್ಷಗಳಿಂದ ಬಿಪಿ ಇತ್ತು. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಒಂದೇ ಸಾಕಾಗಿತ್ತು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ರಾತ್ರಿ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಿದ್ದರು. ಎರಡೂ ಮಂಡಿ ಸವೆದಿದ್ದವು.

ಆಪರೇಷನ್‌ಗೆ ಎರಡು ವಾರ ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿದೆವು. ಮೊದಲನೆಯದು 30 ಮೀಟರ್ ಕಾರಿಡಾರಿನಲ್ಲಿ ಆರು ನಿಮಿಷ ನಡೆಸುವುದು. ಅವರು ನಡುವೆ ಒಮ್ಮೆ ನಿಂತು ಸುಧಾರಿಸಿಕೊಂಡು 340 ಮೀಟರ್ ನಡೆದರು. ಎರಡನೆಯದು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಹುದು ಅನ್ನುವುದು. ಅವರಿಂದ ಆದದ್ದು 8 ಸಲ. 60ರಿಂದ 64 ವಯಸ್ಸಿನ ಹೆಂಗಸರಿಗೂ 12ಕ್ಕಿಂತ ಕಡಿಮೆ ಬಂದರೆ ಸಾಲದು ಎಂದೇ ಎಣಿಕೆ. 44ರಲ್ಲಿ 8 ಅಂದರೆ ತೊಡೆಯ ಸ್ನಾಯುಗಳು ಆ ಭಾರ ಎತ್ತಲು ಒದ್ದಾಡುತ್ತಿವೆ ಎಂದರ್ಥ. ಹಿಡಿತದ ಬಲವನ್ನೂ ಅಳೆದೆವು. ಬಲಗೈಯಲ್ಲಿ 22 ಕೆ.ಜಿ. ಇತ್ತು. ಇದನ್ನು ಯಾಕೆ ಅಳೆದೆವು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆ ಎರಡು ವಾರ ಅವರಿಗೆ ಕಲಿಸಿದ್ದು ನಾಲ್ಕೇ ವಿಷಯ: ಹೊಟ್ಟೆ ಉಬ್ಬಿಸಿ ಆಳವಾಗಿ ಉಸಿರೆಳೆಯುವುದು, ಮಗ್ಗುಲಿಗೆ ಹೊರಳಿ ಕೈಯೂರಿ ಹಾಸಿಗೆಯಿಂದ ಏಳುವುದು, ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳುವುದು, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು. ನೋವಿರುವಾಗ ಹೊಸದಾಗಿ ಏನನ್ನೂ ಕಲಿಯಲಾಗುವುದಿಲ್ಲ. ಹಾಗಾಗಿ ಇದನ್ನೆಲ್ಲ ಮೊದಲೇ ಮಾಡಿಸಿಬಿಡುವುದು ಒಳ್ಳೆಯದು.

ಮೊದಲ ಎರಡು ವಾರ

ಲ್ಯಾಪರೋಸ್ಕೋಪಿಯಲ್ಲಿ ಸ್ಲೀವ್ ಆಪರೇಷನ್ ಆಯಿತು. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದನೆಯ ಕೊಳವೆಯಂತೆ ಸ್ಟೇಪಲ್ ಮಾಡುತ್ತಾರೆ. ಹೊರಗೆ ಕಾಣುವುದು ಐದು ಸಣ್ಣ ಗಾಯ. ಇಲ್ಲೇ ಒಂದು ಮೋಸವಿದೆ. ಹೊರಗಿನ ಗಾಯ ಹತ್ತು ದಿನದಲ್ಲಿ ಒಣಗುತ್ತದೆ, ನೋವು ಹೋಗುತ್ತದೆ. ಒಳಗಿನ ಸ್ಟೇಪಲ್ ಸಾಲು ಮತ್ತು ಹೊಟ್ಟೆಯ ಗೋಡೆ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಮೊದಲ ನಾಲ್ಕರಿಂದ ಆರು ವಾರ ಐದಾರು ಕೆ.ಜಿ.ಗಿಂತ ಹೆಚ್ಚು ಭಾರ ಎತ್ತಬೇಡಿ ಅನ್ನುವುದು ಇದೇ ಕಾರಣಕ್ಕೆ. ಉಪಕರಣ ಒಳಹೋದ ತೂತಿನ ಜಾಗದಲ್ಲಿ ಹರ್ನಿಯಾ ಆದರೆ ಮತ್ತೊಂದು ಆಪರೇಷನ್‌ಗೆ ಮಲಗಬೇಕಾಗುತ್ತದೆ.

ಆಪರೇಷನ್ ಆದ ದಿನ ಸಂಜೆಯೇ ಅವರನ್ನು ಎಬ್ಬಿಸಿ ವಾರ್ಡಿನಲ್ಲಿ ನಡೆಸಿದೆವು. ಅಷ್ಟು ಬೇಗ ಯಾಕೆ ಎಂದು ಮನೆಯವರು ಗಾಬರಿಯಿಂದಲೇ ಕೇಳಿದರು. ದಪ್ಪ ದೇಹ, ಆಪರೇಷನ್, ಅಲುಗದೆ ಮಲಗುವುದು, ಈ ಮೂರೂ ಸೇರಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಆಸ್ಪತ್ರೆ ಬಿಟ್ಟ ಮೇಲೂ ಸುಮಾರು ಒಂದು ತಿಂಗಳು ಈ ಅಪಾಯ ಇರುತ್ತದೆ. ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ಆಗುವುದು ಮನೆಗೆ ಹೋದ ಮೇಲೆಯೇ. ಆದ್ದರಿಂದ ಮೊದಲ ವಾರಗಳ ನಡಿಗೆಯನ್ನು ವ್ಯಾಯಾಮ ಅನ್ನಬಾರದು, ಅದು ಔಷಧದ ಜಾಗದಲ್ಲಿರುವ ನಡಿಗೆ. ಉದ್ದೇಶ ಇದಾದಾಗ ಒಂದೇ ಸಲ ಮುಕ್ಕಾಲು ಗಂಟೆ ನಡೆದು ದಿನವಿಡೀ ಮಲಗುವುದಕ್ಕಿಂತ, ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡುವುದು ಮೇಲು.

ಎರಡನೇ ದಿನ ಭುಜದ ತುದಿಯಲ್ಲಿ ನೋವು ಬಂತು. ಆಪರೇಷನ್ ಮಾಡುವಾಗ ಹೊಟ್ಟೆಗೆ ತುಂಬಿದ ಗಾಳಿ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು ಪದರವನ್ನು, ಕೆಣಕಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ದಿನದಲ್ಲಿ ಅದು ಹೋಯಿತು. ನಾಲ್ಕೈದು ದಿನ ಕಳೆದ ಮೇಲೆ ಹೊಸದಾಗಿ ಭುಜ ನೋವು ಬಂದು, ಜೊತೆಗೆ ಜ್ವರವೋ ಎದೆಬಡಿತವೋ ಇದ್ದರೆ ಮಾತ್ರ ಅದನ್ನು ಗಾಳಿಯ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು, ಆಗಲೇ ಸರ್ಜನ್‌ಗೆ ತೋರಿಸಬೇಕು.

ಎರಡನೇ ವಾರದ ಕೊನೆಗೆ ಅವರು 10 ನಿಮಿಷದಂತೆ ದಿನಕ್ಕೆ ನಾಲ್ಕು ಸಲ ನಡೆಯುತ್ತಿದ್ದರು. ನೋವಿನ ಮಾತ್ರೆ ಬಿಟ್ಟಿದ್ದರು. ತೂಕ 110ಕ್ಕೆ ಬಂದಿತ್ತು. ಫೋನಿನಲ್ಲಿ ದನಿ ಕೇಳಿದರೇ ಸಂತೋಷ ಗೊತ್ತಾಗುತ್ತಿತ್ತು: "ಮೇಡಂ, ಇಷ್ಟು ಹಗುರ ಅನ್ನಿಸಿ ಎಷ್ಟು ವರ್ಷ ಆಗಿತ್ತೋ."

17ನೇ ದಿನ

ಆ ಹಗುರತನವೇ ಅವರನ್ನು ಓಡಿಸಿತು. ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಂಡು ದಿನಕ್ಕೆ ಹತ್ತು ಸಾವಿರದ ಗುರಿ ಇಟ್ಟುಕೊಂಡರು. ಈ ಹತ್ತು ಸಾವಿರ ಹೆಜ್ಜೆಯ ಲೆಕ್ಕ ಹುಟ್ಟಿದ್ದು ಯಾವ ವೈದ್ಯಕೀಯ ಅಧ್ಯಯನದಿಂದಲೂ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಸಾಧನದ ಪ್ರಚಾರದಿಂದ ಅದು ಜನರ ಬಾಯಿಗೆ ಬಂತು. ಆರೋಗ್ಯವಾಗಿರುವವರಿಗೆ ಅದರಿಂದ ತೊಂದರೆಯಿಲ್ಲ. ಮೂರು ವಾರದ ಹಿಂದೆ ಜಠರ ಕತ್ತರಿಸಿಕೊಂಡವರ ಗುರಿ ಅದಾಗಲಾರದು.

ಮೂರು ದಿನ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಡೆದರು. 17ನೇ ದಿನ ಸಂಜೆ ವಾಪಸ್ ಬಂದು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆಯಾಯಿತು. ಕಂಬಿ ಹಿಡಿದು ಅಲ್ಲೇ ಕೂತರು. ಪ್ರಜ್ಞೆ ತಪ್ಪಲಿಲ್ಲ. ಹತ್ತು ನಿಮಿಷದ ನಂತರ ಮನೆಯವರು ಫೋನ್ ಮಾಡಿದರು. ನೇರ ಆಸ್ಪತ್ರೆಗೇ ಬನ್ನಿ ಎಂದೆ.

ಇಂಥ ಹೊತ್ತಿನಲ್ಲಿ "ಜಾಸ್ತಿ ನಡೆದಿರಿ, ಸುಸ್ತಾಗಿದೆ, ಮಲಗಿ" ಎಂದು ಮನೆಯಲ್ಲೇ ಉಳಿಸುವುದು ಬಹಳ ಅಪಾಯ. ಮೂರನೇ ವಾರದಲ್ಲಿ ತಲೆಸುತ್ತು ಬಂದರೆ ಮೊದಲು ತಳ್ಳಿಹಾಕಬೇಕಾದ್ದು ಮೂರು: ಸ್ಟೇಪಲ್ ಸಾಲಿನ ಸೋರಿಕೆ, ಒಳಗಿನ ರಕ್ತಸ್ರಾವ, ಶ್ವಾಸಕೋಶದಲ್ಲಿ ರಕ್ತ ಹೆಪ್ಪು. ಸೋರಿಕೆಯಾದಾಗ ಹೊಟ್ಟೆ ನೋವು, ಜ್ವರ ಬರುವ ಮೊದಲೇ ನಾಡಿ ಏರಿ ಕೂತಿರಬಹುದು. ವಿಶ್ರಾಂತಿಯಲ್ಲೂ ನಿಮಿಷಕ್ಕೆ 120 ದಾಟಿ ಇಳಿಯದಿದ್ದರೆ ಸರ್ಜನ್‌ಗಳು ಅದನ್ನು ಸೋರಿಕೆಯೆಂದೇ ಅನುಮಾನಿಸಿ ಮುಂದುವರಿಯುತ್ತಾರೆ. ಇವರಿಗೆ ಜ್ವರವಿರಲಿಲ್ಲ. ಹೊಟ್ಟೆ ಮೆದುವಾಗಿತ್ತು. ಆಮ್ಲಜನಕ ಶೇ. 98. ಮೀನಖಂಡದಲ್ಲಿ ಊತವಾಗಲಿ ನೋವಾಗಲಿ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಇಳಿದಿರಲಿಲ್ಲ, ಯೂರಿಯಾ ಮಾತ್ರ ಸ್ವಲ್ಪ ಏರಿತ್ತು.

ಸುಳಿವು ಸಿಕ್ಕಿದ್ದು ಬಿಪಿಯಲ್ಲಿ. ಮಲಗಿದಾಗ 118/76, ನಾಡಿ 88. ಎದ್ದು ನಿಂತ ಮೂರು ನಿಮಿಷದೊಳಗೆ 92/60, ನಾಡಿ 116. ನಿಂತಾಗ ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ನಿಲ್ಲುವಾಗಿನ ಬಿಪಿ ಕುಸಿತ ಎನ್ನುತ್ತಾರೆ. ಇಲ್ಲಿ 26 ಇಳಿದಿತ್ತು. ದೇಹದಲ್ಲಿ ನೀರು ಸಾಲದಾಗಿತ್ತು.

ಮನೆಯಿಂದ ತಂದ ಮಾತ್ರೆ ಡಬ್ಬಿ ತೆರೆದು ನೋಡಿದಾಗ ಇನ್ನೊಂದು ಕಾರಣ ಸಿಕ್ಕಿತು. ಡಿಸ್ಚಾರ್ಜ್ ಆಗುವಾಗ ಮೂತ್ರ ಹೆಚ್ಚಿಸುವ ಔಷಧವಿಲ್ಲದ ಹೊಸ ಬಿಪಿ ಮಾತ್ರೆ ಬರೆದುಕೊಟ್ಟಿದ್ದರು. ಹಳೆಯ ಮಾತ್ರೆಯ ಅರ್ಧ ಪಟ್ಟಿ ಡಬ್ಬಿಯಲ್ಲೇ ಉಳಿದಿತ್ತು, ಅವರು ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ತೂಕ ಇಳಿಯುತ್ತಿದ್ದಂತೆ ಬಿಪಿಯೂ ಇಳಿಯುತ್ತದೆ. ಆಪರೇಷನ್‌ಗೆ ಮೊದಲು ಸರಿಹೋಗುತ್ತಿದ್ದ ಪ್ರಮಾಣ ಈಗ ಅತಿಯಾಗುತ್ತದೆ. ಇದರ ಮೇಲೆ ನೀರನ್ನು ಹೊರಹಾಕುವ ಮಾತ್ರೆಯೂ ಸೇರಿದರೆ ತಲೆ ಸುತ್ತದೇ ಇರುತ್ತದೆಯೇ? ಇನ್ಸುಲಿನ್ ಅಥವಾ ಸಲ್ಫೊನೈಲ್ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ ಸಕ್ಕರೆ ಕುಸಿತದ ಅಪಾಯವೂ ಇರುತ್ತಿತ್ತು. ಆಪರೇಷನ್ ಆದ ಮನೆಯಲ್ಲಿ ಹಳೆಯ ಮಾತ್ರೆಗಳನ್ನು ಬೇರೆ ಚೀಲಕ್ಕೆ ಹಾಕಿ ಕಣ್ಣಿಗೆ ಬೀಳದಂತೆ ಎತ್ತಿಡಬೇಕು. ಇದನ್ನು ನಾನು ಈಗ ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ.

ಆ ರಾತ್ರಿ ಅವರಿಗೆ ಡ್ರಿಪ್ ಹಾಕಿದರು, ಜೊತೆಗೆ ಥಯಾಮಿನ್ ಕೊಟ್ಟರು. ಥಯಾಮಿನ್ ಅಂದರೆ ಬಿ1 ವಿಟಮಿನ್. ಸರಿಯಾಗಿ ತಿನ್ನದವರಲ್ಲಿ, ಅದಕ್ಕಿಂತ ಹೆಚ್ಚಾಗಿ ವಾಂತಿ ನಿಲ್ಲದವರಲ್ಲಿ, ಕೆಲವೇ ವಾರದಲ್ಲಿ ಅದರ ದಾಸ್ತಾನು ಖಾಲಿಯಾಗುತ್ತದೆ. ಅಂಥವರಿಗೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ನಡಿಗೆ ಓಲಾಡುವುದು, ಕಣ್ಣುಗುಡ್ಡೆ ಸರಿಯಾಗಿ ತಿರುಗದಿರುವುದು, ಮಾತು ಗೊಂದಲವಾಗುವುದು ಇದರ ಲಕ್ಷಣ. ನಡಿಗೆ ನೋಡುವುದೇ ನನ್ನಂಥವರ ಕೆಲಸವಾದ್ದರಿಂದ ಇದು ಮೊದಲು ಕಾಣಿಸುವುದು ನಮ್ಮ ಕಣ್ಣಿಗೇ. ಆಪರೇಷನ್ ಆದವರು ಕುಡಿದವರಂತೆ ತೂರಾಡಿದರೆ ಅದನ್ನು ನಿಶ್ಶಕ್ತಿ ಅಂದುಕೊಳ್ಳಬೇಡಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನೀರು ಕುಡಿಯಲು ಸಮಯವೇ ಇರಲಿಲ್ಲ

ಮರುದಿನ ಡಯಟಿಷಿಯನ್ ಜೊತೆ ಕೂತು ಅವರ ದಿನಚರಿಯನ್ನು ಗಂಟೆ ಗಂಟೆಯಾಗಿ ಬರೆದೆವು. ಕುಡಿಯಬೇಕಾದ್ದು ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್. ಅವರು ಕುಡಿಯುತ್ತಿದ್ದದ್ದು ಎಂಟುನೂರು ಮಿ.ಲೀ. ಆಸುಪಾಸು. ಪ್ರೋಟೀನ್ ಕನಿಷ್ಠ 60 ಗ್ರಾಂ ಬೇಕಿತ್ತು, ಹೋಗುತ್ತಿದ್ದದ್ದು ಸುಮಾರು 35. ಸೋಮಾರಿತನದಿಂದ ಹೀಗಾಗಿರಲಿಲ್ಲ. ಕುಡಿಯಲು ಅವರಿಗೆ ಹೊತ್ತೇ ಸಿಗುತ್ತಿರಲಿಲ್ಲ!

ಲೆಕ್ಕ ಹೀಗಿದೆ. ಎಚ್ಚರವಿರುವುದು 15 ಗಂಟೆ. ಆ ಹಂತದಲ್ಲಿ ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಆಹಾರ. ಒಂದೊಂದಕ್ಕೂ ಅರ್ಧ ಗಂಟೆ, ತಿಂದ ಮೇಲೆ ಅರ್ಧ ಗಂಟೆ ನೀರು ಕುಡಿಯುವಂತಿಲ್ಲ. ಅಲ್ಲಿಗೆ ಐದು ಗಂಟೆ ಹೋಯಿತು. ಉಳಿದ ಹತ್ತು ಗಂಟೆಯಲ್ಲಿ 1,500 ಮಿ.ಲೀ. ಅಂದರೆ ಗಂಟೆಗೆ 150. ಗುಟುಕು ಗುಟುಕಾಗಿ ಕುಡಿದರೆ ಇದು ಆಗುವ ಕೆಲಸ. ಈಗ ಇದರಿಂದ ಎರಡು ಗಂಟೆ ನಡಿಗೆ ಕಳೆಯಿರಿ. ನಡೆದು ಬಂದಾಗ ಬಾಯಾರಿ ಒಮ್ಮೆಲೇ ಗಟಗಟ ಕುಡಿಯುತ್ತಿದ್ದರು. ಕೊಳವೆಯಂಥ ಜಠರ ಅದನ್ನು ತಡೆಯದೆ ಎದೆ ಹಿಡಿದುಕೊಂಡಂತಾಗಿ, ಆಮೇಲೆ ಒಂದು ಗಂಟೆ ನೀರು ನೋಡಿದರೂ ಹೊಟ್ಟೆ ತೊಳಸುತ್ತಿತ್ತು. ಅಲ್ಲಿಗೆ ಉಳಿಯುವುದು ಏಳು ಗಂಟೆ, ಗಂಟೆಗೆ 215 ಮಿ.ಲೀ. ಅವರ ಜಠರಕ್ಕೆ ಅದು ಸಾಧ್ಯವೇ ಇರಲಿಲ್ಲ. ಇದರ ಜೊತೆಗೆ ಬೆವರಿನಲ್ಲಿ ಹೋದ ನೀರು ಬೇರೆ.

ಮೊದಲ ವಾರಗಳಲ್ಲಿ ನಡಿಗೆ ಮತ್ತು ನೀರು ಒಂದೇ ಗಂಟೆಗಾಗಿ ಪೈಪೋಟಿ ಮಾಡುತ್ತವೆ. ಡಿಸ್ಚಾರ್ಜ್ ಹಾಳೆಯಲ್ಲಿ ನಡಿಗೆ ಒಂದು ಕಡೆ, ನೀರು ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಒಂದೇ ದಿನಕ್ಕೆ ಹೊಂದಿಸುವ ಕೆಲಸವನ್ನು ರೋಗಿಗೆ ಬಿಟ್ಟಿರುತ್ತೇವೆ. ಇದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆಪರೇಷನ್ ನಂತರದ ಮೊದಲ ವಾರಗಳಲ್ಲಿ ಜನ ಮತ್ತೆ ಆಸ್ಪತ್ರೆ ಸೇರುವುದಕ್ಕೆ ನೀರಿನ ಕೊರತೆ ದೊಡ್ಡ ಕಾರಣಗಳಲ್ಲಿ ಒಂದು. ಅದನ್ನು ತಡೆಯಲು ದುಬಾರಿ ಯಂತ್ರ ಬೇಡ, ಒಂದು ಕಾಗದ ಮತ್ತು ಪೆನ್ನು ಸಾಕು.

ನಾವು ಮಾಡಿದ ಹೊಸ ವ್ಯವಸ್ಥೆ ಸರಳವಾಗಿತ್ತು. ಹೆಜ್ಜೆ ಎಣಿಸುವ ಆ್ಯಪ್ ಒಂದು ತಿಂಗಳು ಬಂದ್. ನಡಿಗೆ ಮತ್ತೆ ಹತ್ತು ಹತ್ತು ನಿಮಿಷಕ್ಕೆ ಇಳಿಯಿತು, ಎರಡು ನಡಿಗೆಯ ನಡುವೆ ಕನಿಷ್ಠ ಒಂದು ಗಂಟೆ ಅಂತರ. ಕೈಯಲ್ಲಿ ಸಣ್ಣ ಬಾಟಲಿ, ಎರಡು ಮೂರು ನಿಮಿಷಕ್ಕೊಮ್ಮೆ ನಿಂತು ಒಂದು ಗುಟುಕು. ಬೆಳಗಿನ ನಡಿಗೆಗೆ ಹೊರಡುವ ಮೊದಲು 200 ಮಿ.ಲೀ., ಸಂಜೆಯದಕ್ಕೆ ಮೊದಲು ಒಂದು ಲೀಟರ್ ಮುಗಿದಿರಬೇಕು; ಮುಗಿದಿಲ್ಲವೆಂದರೆ ಆ ಹೊತ್ತಿನ ನಡಿಗೆ ಮನೆಯೊಳಗೇ ಐದು ನಿಮಿಷ. ಮೂತ್ರ ಕಡು ಹಳದಿ ಇದ್ದರೂ ಅದೇ ನಿಯಮ. ಎದ್ದು ನಿಂತಾಗ ತಲೆ ಹಗುರಾದರೆ ಕೂತು, ಪಾದ ಆಡಿಸಿ, ಮತ್ತೆ ಎದ್ದು ನೋಡುವುದು. ಎರಡನೇ ಸಲವೂ ಹಾಗೇ ಆದರೆ ನಮಗೆ ಫೋನ್. ಬಿಪಿಯನ್ನು ದಿನಕ್ಕೆರಡು ಸಲ, ಕೂತು ಒಮ್ಮೆ ನಿಂತು ಒಮ್ಮೆ, ಬರೆದಿಡುವುದು. ಮಾತ್ರೆಯ ಪ್ರಮಾಣವನ್ನು ಡಾಕ್ಟರು ಎರಡು ಹಂತದಲ್ಲಿ ಇಳಿಸಿ, ಹತ್ತನೇ ವಾರಕ್ಕೆ ಪೂರ್ತಿ ನಿಲ್ಲಿಸಿದರು.

ವೇಗಕ್ಕೆ ನಾಡಿ ಎಣಿಸುವ ಗೋಜಿಗೆ ಹೋಗಲಿಲ್ಲ. ನಡೆಯುತ್ತಾ ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬಂದರೆ ತೀರಾ ನಿಧಾನ. ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಅಂಥವರಿಗೂ ಈ ಮಾತಿನ ಅಳತೆಯೇ ಹೆಚ್ಚು ನಂಬಿಕೆಯದು.

ತಕ್ಕಡಿಗೆ ಕಾಣದ ಸ್ನಾಯು

ನಾಲ್ಕನೇ ವಾರದ ಕೊನೆಗೆ ನೀರು ಒಂದೂವರೆ ಲೀಟರ್ ತಲುಪಿತು, ಪ್ರೋಟೀನ್ 60 ಗ್ರಾಂ ದಾಟಿತು. ಆಗ ಸರ್ಜನ್ ಒಪ್ಪಿಗೆ ಪಡೆದು ಸ್ನಾಯುವಿನ ಕೆಲಸ ಶುರು ಮಾಡಿದೆವು. ಇಷ್ಟು ಬೇಗ ಏಕೆ ಎಂದು ಅನೇಕರು ಕೇಳುತ್ತಾರೆ. ಆ ತಿಂಗಳುಗಳಲ್ಲಿ ಒಳಗೆ ಹೋಗುವ ಶಕ್ತಿ ತೀರಾ ಕಡಿಮೆ. ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ, ಅದೂ ಮೊದಲ ಮೂರರಿಂದ ಆರು ತಿಂಗಳಲ್ಲಿ ಅತಿ ವೇಗವಾಗಿ. ತಕ್ಕಡಿಗೆ ಎರಡೂ ಒಂದೇ. ಪ್ರೋಟೀನ್ ತಿಂದರಷ್ಟೇ ಸಾಲದು, ಈ ಸ್ನಾಯು ಬೇಕು ಎಂದು ದೇಹಕ್ಕೆ ಗೊತ್ತಾಗುವಂತೆ ಅದನ್ನು ದುಡಿಸಬೇಕು. ನಡಿಗೆಯಿಂದ ಅದು ಅಷ್ಟಾಗಿ ಆಗುವುದಿಲ್ಲ.

ಮೊದಲ ವ್ಯಾಯಾಮ ಕುರ್ಚಿಯಿಂದ ಏಳುವುದು. ಎತ್ತರದ ಕುರ್ಚಿ, ಪಾದ ಮಂಡಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳುವುದು, ಮೂರು ಎಣಿಸುತ್ತಾ ನಿಧಾನವಾಗಿ ಕೂರುವುದು. ಅವರ ಅಭ್ಯಾಸ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಒಮ್ಮೆಲೇ ಏಳುವುದಾಗಿತ್ತು. ಹಾಗೆ ಉಸಿರು ಕಟ್ಟಿದರೆ ಹೊಟ್ಟೆಯೊಳಗೆ ಒತ್ತಡ ಏರಿ ಆ ಐದು ತೂತುಗಳ ಮೇಲೆ ಬೀಳುತ್ತದೆ. "ಏಳುವಾಗ ಒಂದು, ಎರಡು ಅಂತ ಜೋರಾಗಿ ಎಣಿಸಿ" ಎಂದೆ. ಜೋರಾಗಿ ಎಣಿಸುವವರಿಗೆ ಉಸಿರು ಕಟ್ಟಲು ಆಗುವುದಿಲ್ಲ. ಐದು ಸಲ, ವಿಶ್ರಾಂತಿ, ಮತ್ತೆ ಐದು. ಜೊತೆಗೆ ಗೋಡೆಗೆ ಕೈಯಿಟ್ಟು ಪುಷ್‌ಅಪ್, ಹಿಮ್ಮಡಿ ಎತ್ತುವುದು, ತೆಳು ರಬ್ಬರ್ ಬ್ಯಾಂಡ್ ಎಳೆಯುವುದು. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು. ಹೊಟ್ಟೆಯ ವ್ಯಾಯಾಮ, ಅಂದರೆ ಮಲಗಿ ಏಳುವಂಥದ್ದು, ಎಂಟು ವಾರ ಮುಟ್ಟಲಿಲ್ಲ. ಸಡಿಲ ಹೊಟ್ಟೆ ನೋಡಿ ಎಲ್ಲರಿಗೂ ಮೊದಲು ಮಾಡಬೇಕು ಅನ್ನಿಸುವುದು ಅದೇ, ಆದರೆ ಅದಕ್ಕೆ ಅವಸರ ಬೇಕಿಲ್ಲ.

ಆರನೇ ವಾರ ಹಿಡಿತದ ಬಲ 20 ಕೆ.ಜಿ.ಗೆ ಇಳಿದಿತ್ತು, ಅದೇ ಹೊತ್ತಿಗೆ ಕುರ್ಚಿ ಪರೀಕ್ಷೆ 8ರಿಂದ 10ಕ್ಕೆ ಏರಿತ್ತು. ಎರಡೂ ನಿಜ. 12 ಕೆ.ಜಿ. ಇಳಿದ ದೇಹವನ್ನು ಎತ್ತುವುದು ಸುಲಭವಾದ್ದರಿಂದ ಕುರ್ಚಿ ಪರೀಕ್ಷೆ ಚೆನ್ನಾಗಿ ಕಾಣುತ್ತದೆ. ಹಿಡಿತದ ಮೇಲೆ ದೇಹದ ತೂಕದ ಭಾರವಿಲ್ಲ, ಆದ್ದರಿಂದ ಅದು ಸ್ನಾಯುವಿನ ನಿಜ ಸ್ಥಿತಿಯನ್ನು ತೋರಿಸಿತು. ಅಂದು ಡಯಟಿಷಿಯನ್ ಪ್ರೋಟೀನ್ ಗುರಿಯನ್ನು 75 ಗ್ರಾಂಗೆ ಏರಿಸಿದರು. ಮೂರನೇ ತಿಂಗಳಿಗೆ ಹಿಡಿತ ಮತ್ತೆ 22ಕ್ಕೆ ಬಂತು.

ಕೆಲಸಕ್ಕೆ ವಾಪಸ್, ಮಂಡಿ ನೋವು

ಆರು ವಾರ ಮುಗಿದು ಶಾಲೆಗೆ ಮರಳಿದರು. ನಡಿಗೆಗಿಂತ ಕಷ್ಟವಾದದ್ದು ತರಗತಿಯಲ್ಲಿ ನಿಂತು ಪಾಠ ಮಾಡುವುದು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಸುಮ್ಮನೆ ನಿಂತಾಗ ರಕ್ತ ಕಾಲಲ್ಲೇ ನಿಲ್ಲುತ್ತದೆ. ಪಾಠ ಮಾಡುತ್ತಲೇ ಹಿಮ್ಮಡಿ ಎತ್ತಿಳಿಸುವುದು, ಅರ್ಧ ತರಗತಿ ಕೂತು ಮಾಡುವುದು, ಮೇಜಿನ ಮೇಲೆ ಬಾಟಲಿ ಇಟ್ಟುಕೊಳ್ಳುವುದು, ಇಷ್ಟರಿಂದ ಎರಡು ವಾರದಲ್ಲಿ ಹೊಂದಿಕೊಂಡರು.

ಏಳನೇ ವಾರ ಮಂಡಿ ನೋವು ಶುರುವಾಯಿತು. ಅವರಿಗೆ ಇದು ದೊಡ್ಡ ನಿರಾಸೆ. ತೂಕ ಇಳಿದರೆ ಮಂಡಿ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಹೇಳಿದ್ದು ಸುಳ್ಳಲ್ಲ. ಮಂಡಿ ಸವೆದವರನ್ನು ಅಳೆದು ನೋಡಿದ 2005ರ ಒಂದು ಅಮೆರಿಕನ್ ಅಧ್ಯಯನದ ಪ್ರಕಾರ ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕೆ.ಜಿ.ಯಷ್ಟು ಇಳಿಯುತ್ತದೆ. ಆದರೆ ಅವರು ಹಾಕುತ್ತಿದ್ದ ಹೆಜ್ಜೆಗಳೂ ಹಲವು ಪಟ್ಟು ಹೆಚ್ಚಾಗಿದ್ದವು, ತೊಡೆಯ ಸ್ನಾಯು ಇನ್ನೂ ಅಷ್ಟಕ್ಕೆ ಸಿದ್ಧವಿರಲಿಲ್ಲ.

ಮಂಡಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಅವರ ಮುಂದಿನ ಮಾತು: "ಮೊದಲು ತಗೊಳ್ತಿದ್ದ ನೋವಿನ ಮಾತ್ರೆ ಮನೇಲಿದೆ ಮೇಡಂ, ಒಂದು ನುಂಗ್ಲಾ?" ಅದು ಡೈಕ್ಲೋಫೆನಾಕ್. ಈ ಗುಂಪಿನ ಮಾತ್ರೆಗಳು, ಐಬುಪ್ರೊಫೆನ್ ಕೂಡ, ಜಠರದಲ್ಲಿ ಹುಣ್ಣು ಮಾಡುತ್ತವೆ. ಜಠರದ ಬೈಪಾಸ್ (ಜಠರವನ್ನು ಚಿಕ್ಕದಾಗಿಸಿ ಕರುಳಿಗೆ ಜೋಡಿಸುವ, ತೂಕ ಇಳಿಸುವ ಇನ್ನೊಂದು ಆಪರೇಷನ್) ಆದವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣಾಗಿ ತೂತು ಬೀಳುವವರೆಗೂ ಹೋಗಬಹುದು, ಅವರು ಇದನ್ನು ಮುಟ್ಟಲೇಬಾರದು. ಸ್ಲೀವ್ ಆದವರೂ ಸರ್ಜನ್ ಕೇಳದೆ ತೆಗೆದುಕೊಳ್ಳಬಾರದು. ವ್ಯಾಯಾಮ ಶುರು ಮಾಡಿದವರಿಗೆ ಮೈಕೈ ನೋವು ಬಂದೇ ಬರುತ್ತದೆ, ಕೈಗೆ ಮೊದಲು ಸಿಗುವುದು ಇದೇ ಮಾತ್ರೆ. ಹಾಗಾಗಿ ವ್ಯಾಯಾಮ ಹೇಳಿಕೊಡುವವರೇ ಈ ಎಚ್ಚರಿಕೆಯನ್ನೂ ಕೊಡಬೇಕು ಅನ್ನುವುದು ನನ್ನ ಬಲವಾದ ನಂಬಿಕೆ. ಅವರಿಗೆ ಡಾಕ್ಟರು ಪ್ಯಾರಸಿಟಮಾಲ್ ಕೊಟ್ಟರು. ನಾವು ಇಳಿಜಾರಿನ ದಾರಿ ತಪ್ಪಿಸಿ, ಒಂದು ದಿನ ಬಿಟ್ಟು ಒಂದು ದಿನ ನಡಿಗೆಯ ಬದಲು ಕೂತು ತುಳಿಯುವ, ಮುಂದೆ ಚಲಿಸದ ವ್ಯಾಯಾಮದ ಸೈಕಲ್ ತುಳಿಸಿದೆವು. ಐದು ವಾರದಲ್ಲಿ ಮಂಡಿ ಹಿಡಿತಕ್ಕೆ ಬಂತು.

ಕಾಲ ಮೇಲೆ ಕಾಲು

ನಾಲ್ಕನೇ ತಿಂಗಳಲ್ಲಿ ನಡೆದದ್ದನ್ನು ಬರೆಯದಿದ್ದರೆ ಈ ಪ್ರಕರಣ ಅಪೂರ್ಣ. ಬಲಗಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗ ಜೋಮು ಹಿಡಿದಂತಾಗುತ್ತದೆ ಎಂದರು. ನಡಿಗೆ ಹೆಚ್ಚಾಯಿತೇ, ಶೂ ಬಿಗಿಯೇ ಎಂದು ಕೇಳುತ್ತಾ ಹೋದಾಗ ಅವರು ಕೂತ ಭಂಗಿಯೇ ಉತ್ತರ ಕೊಟ್ಟಿತು. ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ವರ್ಷಗಳಿಂದ ಹಾಗೆ ಕೂರಲು ಆಗುತ್ತಿರಲಿಲ್ಲವಂತೆ. ಈಗ ಆಗುತ್ತದೆ ಎಂಬ ಖುಷಿಗೆ ಹೋದಲ್ಲೆಲ್ಲ ಹಾಗೇ ಕೂರುತ್ತಿದ್ದರು. ಮಂಡಿಯ ಹೊರಬದಿಯ ಮೂಳೆ ಗುಬುಟಿನ ಹಿಂದೆ ಒಂದು ನರ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಅದರ ಸುತ್ತಲಿನ ಕೊಬ್ಬು ಬೇಗ ಕರಗಿದರೆ ನರಕ್ಕೆ ಆಸರೆಯಿಲ್ಲದಂತಾಗಿ, ಒತ್ತಡ ಬಿದ್ದಾಗ ಪೆಟ್ಟಾಗುತ್ತದೆ. ಹೆಚ್ಚಾದರೆ ಪಾದವನ್ನು ಮೇಲಕ್ಕೆತ್ತಲಾಗದೆ ನೆಲಕ್ಕೆ ಬಡಿಯುತ್ತಾ ನಡೆಯಬೇಕಾಗುತ್ತದೆ.

ಅವರ ಪಾದ ಎತ್ತುವ ಬಲ ಸರಿಯಿತ್ತು. ಬಿ1, ಬಿ12 ಕೊರತೆಯಿಂದಲೂ ಜೋಮು ಬರುವುದರಿಂದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಅದೂ ಸರಿಯಿತ್ತು. ಕಾಲು ಹಾಕಿ ಕೂರುವುದನ್ನು ಬಿಡಿಸಿದ್ದೇ ಚಿಕಿತ್ಸೆ. ಒಂದೂವರೆ ತಿಂಗಳಲ್ಲಿ ಜೋಮು ಹೋಯಿತು. ಹಗುರಾದ ದೇಹ ಕೊಟ್ಟ ಆ ಸಣ್ಣ ಸಂತೋಷವನ್ನು ನಿಲ್ಲಿಸಿ ಎಂದು ಹೇಳಬೇಕಾಗಿ ಬಂದದ್ದಕ್ಕೆ ನನಗೆ ಬೇಸರವಾಯಿತು.

ಆರು ತಿಂಗಳಿಗೆ

ತೂಕ 89 ಕೆ.ಜಿ. ಆರು ನಿಮಿಷದ ನಡಿಗೆ 455 ಮೀಟರ್, ನಡುವೆ ನಿಲ್ಲದೆ. ಕುರ್ಚಿ ಪರೀಕ್ಷೆ 14. ಹಿಡಿತ 23 ಕೆ.ಜಿ. ಮಾತ್ರೆಯಿಲ್ಲದೆ ಬಿಪಿ 124/78. ಈ ಆಪರೇಷನ್ ಆದವರಿಗೆ ಅಮೆರಿಕದ ತಜ್ಞ ಸಂಘಗಳ 2013ರ ಮಾರ್ಗಸೂಚಿ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ, 300 ನಿಮಿಷದ ಗುರಿ, ಜೊತೆಗೆ ವಾರಕ್ಕೆ ಎರಡು ಮೂರು ಸಲ ಸ್ನಾಯು ವ್ಯಾಯಾಮ. ಇವರು 150ನ್ನು ದಾಟಿದ್ದು ಐದನೇ ತಿಂಗಳಲ್ಲಿ. ಮೂರನೇ ವಾರದಲ್ಲೇ ಅದನ್ನು ಮುಟ್ಟಲು ಹೊರಟವರು ಅವರು. ನಡುವೆ ಮೂರು ವಾರ ತೂಕ ಒಂದಿಷ್ಟೂ ಕದಲದೆ ನಿಂತಾಗ ನಡಿಗೆಯನ್ನು ದುಪ್ಪಟ್ಟು ಮಾಡುತ್ತೇನೆ ಎಂದಿದ್ದರು. ಸೊಂಟದ ಸುತ್ತಳತೆ ಅಳೆದು ಅದು ಇಳಿಯುತ್ತಿರುವುದನ್ನು ತೋರಿಸಿದ ಮೇಲೆ ಬಿಟ್ಟರು.

ಉಳಿದಿರುವ ಕೆಲಸಗಳಿವೆ. ಹೊಟ್ಟೆಯ ಕೆಳಗಿನ ಸಡಿಲ ಚರ್ಮ ನಡೆಯುವಾಗ ಉಜ್ಜಿ ಕೆಂಪಾಗುತ್ತದೆ. ಎತ್ತರದ ಬಿಗಿ ಒಳಉಡುಪು ಹಾಕಿ, ನಡೆದು ಬಂದ ಕೂಡಲೇ ಆ ಜಾಗವನ್ನು ತೊಳೆದು ಒಣಗಿಸಿಕೊಳ್ಳುತ್ತಿದ್ದಾರೆ. ಈಜಬೇಕೆಂಬ ಆಸೆಯಿದೆ. ಗಾಯ ಎಂದೋ ಮಾಯ್ದಿರುವುದರಿಂದ ಅಡ್ಡಿಯಿಲ್ಲ. ಆದರೆ ಈಜಿನಲ್ಲಿ ಮೂಳೆಯ ಮೇಲೆ ಭಾರ ಬೀಳುವುದಿಲ್ಲ, ಈ ಆಪರೇಷನ್ ನಂತರ ಮೂಳೆಯ ಸಾಂದ್ರತೆ ಇಳಿಯುವುದುಂಟು. ಅದಕ್ಕೇ ಈಜು ವಾರಕ್ಕೆ ಎರಡು ದಿನ, ನಡಿಗೆ ಮತ್ತು ಸ್ನಾಯು ವ್ಯಾಯಾಮ ಈಗಿರುವಂತೆಯೇ ಎಂದು ತೀರ್ಮಾನಿಸಿದ್ದೇವೆ. ಸಿಪ್ಯಾಪ್ ಬಿಡಬಹುದೇ ಎಂದು ಅವರು ಕೇಳುತ್ತಿದ್ದಾರೆ. ಗೊರಕೆ ನಿಂತ ಮಾತ್ರಕ್ಕೆ ಬಿಡಬೇಡಿ, ನಿದ್ದೆಯ ಪರೀಕ್ಷೆ ಮತ್ತೆ ಮಾಡಿಸಿ ನೋಡೋಣ ಎಂದು ಡಾಕ್ಟರು ಹೇಳಿದ್ದಾರೆ. ಆ ಪರೀಕ್ಷೆ, ಕಬ್ಬಿಣಾಂಶ, ಬಿ12 ಮತ್ತು ಡಿ ವಿಟಮಿನ್ ಮಟ್ಟ, ಎಲ್ಲವೂ ಮುಂದಿನ ತಿಂಗಳು.